ಪರೀಕ್ಷಕನ ವಿದ್ಯೆ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಇತಿಹಾಸದಲ್ಲಿ ಗುಣಪರೀಕ್ಷೆ

1. ಪೀಠಿಕೆ

ತಂತ್ರಾಂಶದ ಗುಣಪರೀಕ್ಷೆ ಎಂಬ ವೃತ್ತಿ ನಮ್ಮ ಕಾಲದ್ದು. ಗಣಕಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಸಮುದಾಯವು ತಾನು ಮಾಡಬೇಕಾದುದನ್ನು ಮಾಡುತ್ತದೆಯೊ ಇಲ್ಲವೊ, ಮಾಡಬಾರದ್ದನ್ನು ಮಾಡುತ್ತದೆಯೊ ಎಂಬುದನ್ನು, ಅದು ಬಳಸುವವನ ಕೈಸೇರುವ ಮುನ್ನವೇ ಕಂಡುಹಿಡಿಯುವುದು ಈ ವೃತ್ತಿಯ ಧರ್ಮ. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ರೈತರ ಮಕ್ಕಳೂ ನೇಕಾರರ ಮಕ್ಕಳೂ ಪದವಿ ಪಡೆದು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ಈ ಕೆಲಸಕ್ಕೆ ಸೇರುತ್ತಿರುವುದು ಈಗ ಹೊಸ ಸಂಗತಿಯೇನೂ ಅಲ್ಲ. ಅಂತಹವರು ನಮ್ಮ ವಿಭಾಗದ ಅಧ್ಯಾಪಕರಲ್ಲಿಗೆ ಬಂದು ಕೇಳುವ ಪ್ರಶ್ನೆಯೊಂದುಂಟು: ಈ ಕೆಲಸಕ್ಕೆ ಬೇಕಾದ ಕೌಶಲ್ಯಗಳು ಯಾವುವು? ಇತಿಹಾಸವನ್ನು ಓದಿದವನಿಗೆ ಅದರಲ್ಲಿ ಎಡೆಯುಂಟೆ?

ಯಾವ ಯಂತ್ರಭಾಷೆಯನ್ನು ಕಲಿಯಬೇಕು, ಯಾವ ಉಪಕರಣವನ್ನು ಬಳಸಬೇಕು ಎಂಬುದನ್ನು ಹೇಳುವ ಅಧಿಕಾರ ಇತಿಹಾಸದ ಅಧ್ಯಾಪಕನಿಗಿಲ್ಲ. ಅವು ಐದು ವರ್ಷಕ್ಕೊಮ್ಮೆ ಬದಲಾಗತಕ್ಕವು. ಆದರೆ ಒಬ್ಬನು ಮಾಡಿದ ವಸ್ತುವನ್ನು ಇನ್ನೊಬ್ಬನು ಪರೀಕ್ಷಿಸಿ ಮೂರನೆಯವನಿಗೆ ಭರವಸೆ ಕೊಡುವ ವ್ಯವಹಾರವು ಬಹು ಹಳೆಯದು. ಅದರ ಒಂದು ದೀರ್ಘವಾದ, ಕೆಲವೊಮ್ಮೆ ಕಹಿಯಾದ ಅಧ್ಯಾಯವು ಇದೇ ಎರೆಭೂಮಿಯಲ್ಲಿ ನಡೆದುಹೋಗಿದೆ. ಆ ಅಧ್ಯಾಯದ ಮುಖ್ಯ ವಸ್ತು ಹತ್ತಿ. ಪರೀಕ್ಷಕನ ವಿದ್ಯೆಯ ಸ್ಥಿರವಾದ ಅಂಶಗಳಾವುವೆಂಬುದನ್ನು ಈ ಸೀಮೆಯ ಅನುಭವದಿಂದ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬಹುದು. ಉತ್ತರಕ್ಕೆ ಮಲಪ್ರಭೆ, ನರಗುಂದ, ರೋಣಗಳ ಸುತ್ತ ವಿಸ್ತಾರವಾದ ಕಪ್ಪು ನೆಲ, ಪೂರ್ವಕ್ಕೆ ಗಜೇಂದ್ರಗಡದ ಗುಡ್ಡಸಾಲು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ಮೂರು ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ರೋಣವು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಗಜೇಂದ್ರಗಡವು ಘೋರ್ಪಡೆ ಮನೆತನದ ಹಿಡಿತದಲ್ಲಿತ್ತು. ನರಗುಂದವು ಭಾವೆ ಮನೆತನದ ಸಂಸ್ಥಾನವಾಗಿದ್ದು, 1858ರ ಬಂಡಾಯದಲ್ಲಿ ಬಾಬಾಸಾಹೇಬರು ಸೋತು ಬೆಳಗಾವಿಯಲ್ಲಿ ಗಲ್ಲಿಗೇರಿದ ಮೇಲೆ ಬ್ರಿಟಿಷ್ ಆಡಳಿತಕ್ಕೆ ಸೇರಿತು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿದಾಗ ಇವೆಲ್ಲ ಗದಗ ಜಿಲ್ಲೆಯ ಭಾಗವಾದವು. ಆಡಳಿತಗಳು ಬೇರೆಯಾಗಿದ್ದರೂ ನೆಲದ ಗುಣ ಒಂದೇ, ಬೆಳೆ ಒಂದೇ, ಪೇಟೆಯ ದಾರಿಯೂ ಒಂದೇ ಆಗಿತ್ತು.

2. ಮಾನದಂಡದ ಅರಿವು

ಪರೀಕ್ಷೆಯೆಂದರೆ ಹೋಲಿಕೆ. ಯಾವುದರೊಡನೆ ಹೋಲಿಸಬೇಕೆಂಬುದು ಮೊದಲೇ ಗೊತ್ತಿಲ್ಲದಿದ್ದರೆ ಪರೀಕ್ಷೆ ಎಂಬುದಕ್ಕೆ ಅರ್ಥವಿಲ್ಲ. ಈ ತಿಳಿವಳಿಕೆ ನಮ್ಮ ನಾಡಿಗೆ ಹೊರಗಿನಿಂದ ಬಂದುದಲ್ಲ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ರೋಣ ಸೀಮೆಯ ಸೂಡಿಯು ದೊಡ್ಡ ಅಗ್ರಹಾರವಾಗಿತ್ತು. ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಹೆಸರು ಅಲ್ಲಿಯ ಶಾಸನಗಳಿಂದ ಪ್ರಸಿದ್ಧವಾಗಿದೆ. ಆ ಕಾಲದ ಶಾಸನಗಳಲ್ಲಿ ಭೂಮಿಯನ್ನು ದತ್ತಿಕೊಡುವಾಗ ಯಾವ ಗಳೆಯಿಂದ ಅಳೆಯಬೇಕೆಂಬುದನ್ನೂ, ಹಣ ಕೊಡುವಾಗ ಯಾವ ಗದ್ಯಾಣವೆಂಬುದನ್ನೂ ಹೆಸರಿಸುವ ರೂಢಿ ಕಂಡುಬರುತ್ತದೆ. ಸಮೀಪದ ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯಿಂದ ಹೊರಟ ನಾಣ್ಯಕ್ಕೆ ಲೊಕ್ಕಿಗದ್ಯಾಣವೆಂದೇ ಹೆಸರು. ಬರಿಯ ಗದ್ಯಾಣವೆಂದರೆ ಸಾಲದು, ಎಲ್ಲಿಯ ಗದ್ಯಾಣವೆಂದು ಹೇಳಬೇಕು ಎಂಬ ಎಚ್ಚರಿಕೆಯ ಹಿಂದೆ, ಅಳತೆಗೋಲೇ ಬೇರೆಬೇರೆಯಾದರೆ ಅಳತೆಗೆ ಬೆಲೆಯಿಲ್ಲವೆಂಬ ವಿವೇಕವಿದೆ.

ತಂತ್ರಾಂಶದ ಪರೀಕ್ಷಕನಿಗೂ ಬೇಕಾದ ಮೊದಲ ವಿದ್ಯೆ ಇದೇ. ಆತನ ಕೈಗೆ ಒಂದು ಬೇಡಿಕೆಪತ್ರ ಬರುತ್ತದೆ: ತಂತ್ರಾಂಶವು ಇಂತಿಂತಹ ಕೆಲಸ ಮಾಡತಕ್ಕದ್ದು ಎಂದು. ಅದರಲ್ಲಿ ‘ಬೇಗನೆ’, ‘ಸುಲಭವಾಗಿ’ ಎಂಬಂತಹ ಮಾತುಗಳಿರುತ್ತವೆ. ಎಷ್ಟು ಕ್ಷಣ ಎಂದರೆ ಬೇಗನೆ? ಯಾರಿಗೆ ಸುಲಭ? ಅಳೆಯಲಾಗದ ಮಾತನ್ನು ಅಳೆಯಬಹುದಾದ ಮಾತಾಗಿ ಮಾಡಿಸಿಕೊಳ್ಳುವುದು, ಯಾವ ಗಳೆ, ಯಾವ ಗದ್ಯಾಣ ಎಂದು ಕೇಳುವುದು, ಪರೀಕ್ಷೆಗೆ ಮೊದಲೇ ಆಗಬೇಕಾದ ಕೆಲಸ. ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳುವ ಅಭ್ಯಾಸವಿಲ್ಲದವನಿಗೆ ಉಪಕರಣಗಳ ಪರಿಚಯವೆಷ್ಟಿದ್ದರೂ ಪ್ರಯೋಜನ ಕಡಿಮೆ.

3. ವಸ್ತುವಿನ ಅರಿವು: ಎರಡು ಹತ್ತಿಗಳು, ಒಂದು ಯಂತ್ರ

ಈ ಸೀಮೆಯ ಮೂಲ ಹತ್ತಿಯನ್ನು ಜನರು ಜವಾರಿ ಹತ್ತಿಯೆಂದು ಕರೆಯುತ್ತಿದ್ದರು. ಎತ್ತಿನ ಮೇಲೆಯೂ ಗಾಡಿಯ ಮೇಲೆಯೂ ಘಟ್ಟವಿಳಿದು ಕುಮಟಾ ಬಂದರದಿಂದ ಹಡಗನ್ನೇರುತ್ತಿದ್ದ ಕಾರಣ ಮುಂಬಯಿಯ ವ್ಯಾಪಾರಿಗಳು ಅದಕ್ಕೆ ಕುಮಟಾ ಹತ್ತಿಯೆಂದು ಹೆಸರಿಟ್ಟರು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತಿ ಬೆಳೆಯುವವರನ್ನೇ ಕರೆಯಿಸಿ ನ್ಯೂ ಆರ್ಲಿಯನ್ಸ್ ಜಾತಿಯ ಬೀಜವನ್ನು ಇಲ್ಲಿ ಬಿತ್ತಿಸಿತು. ಭಾರತದ ಅನೇಕ ಕಡೆಗಳಲ್ಲಿ ಸೋತ ಈ ಪ್ರಯೋಗವು ಧಾರವಾಡ ಜಿಲ್ಲೆಯ ಕಪ್ಪು ನೆಲದಲ್ಲಿ ಕೈಗೂಡಿತು. ರೈತರ ಬಾಯಲ್ಲಿ ಅದು ವಿಲಾಯತಿ ಹತ್ತಿಯಾಯಿತು. ಪೇಟೆಯಲ್ಲಿ ಧಾರವಾಡ–ಅಮೆರಿಕನ್ ಎಂಬ ಹೆಸರು ಪಡೆಯಿತು.

ಎರಡೂ ಹತ್ತಿಗಳ ಸ್ವಭಾವ ಬೇರೆ. ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ, ಕಾಳಿನಿಂದ ಅರಳೆಯನ್ನು ಬಿಡಿಸುತ್ತಿದ್ದರು. ವಿಲಾಯತಿ ಹತ್ತಿಯ ಅರಳೆಯು ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಈ ಕ್ರಮವು ಅದಕ್ಕೆ ಸಾಗದು. ಆದುದರಿಂದ ಗರಗಸದಂತಹ ಹಲ್ಲುಗಳುಳ್ಳ ಅಮೆರಿಕದ ಜಿನ್ನುಗಳನ್ನು ತರಲಾಯಿತು. ಅವುಗಳನ್ನು ಮಾಡುವುದಕ್ಕೂ ದುರಸ್ತಿ ಮಾಡುವುದಕ್ಕೂ ಧಾರವಾಡದಲ್ಲಿ ಸರಕಾರವು ಒಂದು ಕಾರ್ಖಾನೆಯನ್ನು ನಡೆಸಿತು. ಹಲ್ಲು ಹರಿತವಾಗಿದ್ದು ಸಾಲುಗಳ ಅಂತರ ಸರಿಯಾಗಿದ್ದಾಗ ಈ ಜಿನ್ನು ವಿಲಾಯತಿ ಹತ್ತಿಗೆ ವರವೇ ಸರಿ. ಹಲ್ಲು ಮೊಂಡಾದರೆ ಎಳೆ ತುಂಡಾಗುತ್ತಿತ್ತು, ಕಾಳು ನುರಿದು ಅರಳೆಯಲ್ಲಿ ಬೆರೆಯುತ್ತಿತ್ತು. ಜವಾರಿ ಹತ್ತಿಗಂತೂ ಆ ಯಂತ್ರ ಹೊಂದುವಂತಹುದಲ್ಲ.

ಯಂತ್ರವೇನೋ ಒಳ್ಳೆಯದೇ, ಆದರೆ ಯಾವ ವಸ್ತುವಿಗೆ ಒಳ್ಳೆಯದು ಎಂಬುದು ಪ್ರಶ್ನೆ. ತಂತ್ರಾಂಶದ ಇತಿಹಾಸದಲ್ಲಿ ಇದೇ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು 1996ರ ಜೂನ್ 4ರಂದು ಜಗತ್ತು ಕಂಡಿತು. ಯುರೋಪಿನ ಏರಿಯಾನ್ 5 ಎಂಬ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ, ಮೇಲೇರಿದ ಒಂದು ನಿಮಿಷದೊಳಗಾಗಿ, ದಾರಿತಪ್ಪಿ ನಾಶವಾಯಿತು. ಅದರಲ್ಲಿದ್ದ ದಿಕ್ಕು ತೋರುವ ತಂತ್ರಾಂಶವು ಹಿಂದಿನ ಏರಿಯಾನ್ 4ರಿಂದ ತೆಗೆದುಕೊಂಡದ್ದು. ಅಲ್ಲಿ ಅದು ತಪ್ಪಿಲ್ಲದೆ ಕೆಲಸ ಮಾಡಿತ್ತು. ಹೊಸ ರಾಕೆಟ್ಟಿನ ವೇಗ ಹೆಚ್ಚಿನದಾದ್ದರಿಂದ ಒಂದು ಸಂಖ್ಯೆಯು ತನಗೆ ಮೀಸಲಾದ ಸ್ಥಳಕ್ಕಿಂತ ದೊಡ್ಡದಾಯಿತು, ಗಣಕವು ಕೈಬಿಟ್ಟಿತು. ಹೊಸ ಹಾರಾಟದ ನಿಜವಾದ ಪರಿಸ್ಥಿತಿಯಲ್ಲಿ ಆ ಭಾಗವನ್ನು ಪರೀಕ್ಷಿಸಿರಲಿಲ್ಲ. ವಿಲಾಯತಿ ಹತ್ತಿಯ ಜಿನ್ನಿಗೆ ಜವಾರಿ ಹತ್ತಿಯನ್ನು ತುರುಕಿದಂತೆಯೇ ಇದು. ಪರೀಕ್ಷಕನು ವಸ್ತುವಿನ ಒಳಗುಣವನ್ನೂ ಅದು ಬಳಕೆಯಾಗುವ ಸಂದರ್ಭವನ್ನೂ ತಿಳಿದಿರಬೇಕು. ಬ್ಯಾಂಕಿನ ತಂತ್ರಾಂಶವನ್ನು ಪರೀಕ್ಷಿಸುವವನಿಗೆ ಜಮಾಖರ್ಚಿನ ಜ್ಞಾನ ಬೇಕು. ಆಸ್ಪತ್ರೆಯ ತಂತ್ರಾಂಶವನ್ನು ಪರೀಕ್ಷಿಸುವವನಿಗೆ ಆಸ್ಪತ್ರೆಯ ದಿನಚರಿ ಗೊತ್ತಿರಬೇಕು.

4. ಎಲ್ಲಿ ನೋಡಬೇಕೆಂಬ ಅರಿವು: 1863ರ ಕಾಯಿದೆ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಪ್ರಾರಂಭವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿಯ ಕ್ಷಾಮವುಂಟಾಯಿತು. ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಬೆಲೆಯ ಹಿಂದೆಯೇ ಬೆರಕೆಯೂ ಬಂದಿತು. ವಿಲಾಯತಿ ಅರಳೆಯಲ್ಲಿ ಜವಾರಿ ಅರಳೆಯನ್ನು ಸೇರಿಸುವುದು, ಕಾಳು, ಎಲೆಯ ಚೂರು, ಮಣ್ಣುಗಳನ್ನು ಉಳಿಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು, ಗಂಟಿನ ಮೇಲ್ಪದರದಲ್ಲಿ ಒಳ್ಳೆಯದನ್ನಿಟ್ಟು ನಡುವೆ ಕೀಳಾದುದನ್ನು ತುಂಬುವುದು, ಇವು ಅಂದಿನ ದೂರುಗಳು. ಬೆಳೆದವನಿಗೂ ನೂಲುವವನಿಗೂ ನಡುವೆ ಸಾವಿರಾರು ಮೈಲಿಗಳ ದೂರ. ಮಧ್ಯದಲ್ಲಿ ಸಾಹುಕಾರ, ದಲಾಲ, ಜಿನ್ನಿನವನು, ಹಡಗಿನವನು. ಕೊಳ್ಳುವವನು ಮಾಡುವವನ ಮುಖವನ್ನೇ ಕಾಣನು. ಇಂತಹ ದೂರವೇ ಪರೀಕ್ಷಕನೆಂಬ ಮೂರನೆಯವನನ್ನು ಹುಟ್ಟಿಸುತ್ತದೆ.

ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸಗಳನ್ನು ತಡೆಯುವ ಕಾಯಿದೆಯನ್ನು, ಆ ವರ್ಷದ 9ನೆಯದನ್ನು, ಜಾರಿಗೆ ತಂದಿತು. ಬೆರಕೆಯು ಶಿಕ್ಷಾರ್ಹ ಅಪರಾಧವಾಯಿತು, ಇನ್‌ಸ್ಪೆಕ್ಟರುಗಳು ನೇಮಕಗೊಂಡರು, ಪ್ರೆಸ್ಸುಗಳಿಗೆ ಪರವಾನಗಿ ಬೇಕಾಯಿತು, ಪರೀಕ್ಷೆಯ ವೆಚ್ಚಕ್ಕಾಗಿ ಹತ್ತಿಯ ಮೇಲೆಯೇ ಶುಲ್ಕ ಬಿದ್ದಿತು. ಹೀಗೆ ಇಲಾಖೆಯೊಂದರ ಮೂಲಕ ನಡೆದ ಗುಣಪರೀಕ್ಷೆಯು ಈ ಸೀಮೆಯ ಹಳ್ಳಿಗಳಿಗೂ ಪರಿಚಯವಾಯಿತು.

ಇನ್‌ಸ್ಪೆಕ್ಟರನ ಕೈಯಲ್ಲಿದ್ದ ಮುಖ್ಯ ಉಪಕರಣಗಳು ಕಣ್ಣು ಮತ್ತು ಬೆರಳು. ಹತ್ತಿಯ ವ್ಯಾಪಾರದಲ್ಲಿ ಇಂದಿಗೂ ಬಲ್ಲವರು ಮಾಡುವ ಪರೀಕ್ಷೆಯನ್ನು ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಒಂದು ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುತ್ತಾರೆ. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಮತ್ತೆ ಎಳೆಯುತ್ತಾರೆ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಬರುವವರೆಗೂ ಹೀಗೆ ಮಾಡಿ, ಕಪ್ಪು ಬಟ್ಟೆಯ ಮೇಲಿಟ್ಟು ಉದ್ದವನ್ನು ನೋಡುತ್ತಾರೆ. ಎಳೆಯುವಾಗ ಬೆರಳಿಗೆ ತಾಗುವ ಬಿಗಿಯಿಂದಲೇ ಬಲವನ್ನು ಊಹಿಸುತ್ತಾರೆ. ಆದರೆ ಆ ಚಿಟಿಕೆಯನ್ನು ಗಂಟಿನ ಯಾವ ಭಾಗದಿಂದ ತೆಗೆಯಬೇಕು? ಮೇಲ್ಪದರದಿಂದ ತೆಗೆದವನು ಮೋಸಹೋದನು. ಕೈಯನ್ನು ನಡುವಿಗೆ ತೂರಿಸಿ, ಮೂಲೆಗಳಿಂದಲೂ ಅಡಿಯಿಂದಲೂ ತೆಗೆದವನೇ ಜಾಣ.

ತಂತ್ರಾಂಶದ ಪರೀಕ್ಷಕನ ಅತ್ಯಂತ ಬೆಲೆಯುಳ್ಳ ಕೌಶಲ್ಯವೂ ಇದುವೇ ಎನ್ನಬಹುದು. ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸುವುದು ಯಾರಿಂದಲೂ ಆಗದು. ಆದುದರಿಂದ ದೋಷಗಳು ಅಡಗುವ ಮೂಲೆಗಳನ್ನು ಆರಿಸಬೇಕು. ವಯಸ್ಸು 18ರಿಂದ 60ರವರೆಗೆ ಎಂದಿದ್ದರೆ 35 ಎಂಬ ಸಂಖ್ಯೆಯನ್ನು ಕೊಟ್ಟು ನೋಡುವುದು ಮೇಲ್ಪದರದ ಪರೀಕ್ಷೆ. 17, 18, 60, 61 ಎಂಬವುಗಳನ್ನೂ, ಸೊನ್ನೆಯನ್ನೂ, ಖಾಲಿ ಬಿಟ್ಟುದನ್ನೂ ಕೊಟ್ಟು ನೋಡುವುದು ನಡುವಿಗೆ ಕೈಹಾಕುವ ಪರೀಕ್ಷೆ. ಗ್ಲೆನ್‌ಫರ್ಡ್ ಮೈಯರ್ಸ್ ಎಂಬಾತನು 1979ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತಂತ್ರಾಂಶ ಸರಿಯಿದೆಯೆಂದು ತೋರಿಸುವುದಕ್ಕಲ್ಲ, ತಪ್ಪನ್ನು ಹುಡುಕುವ ಉದ್ದೇಶದಿಂದಲೇ ಅದನ್ನು ನಡೆಸಿನೋಡುವುದು ಪರೀಕ್ಷೆಯೆಂದು ನಿರೂಪಿಸಿದನು. ಅದಕ್ಕೂ ಹತ್ತು ವರ್ಷ ಮೊದಲು ಡಚ್ ವಿದ್ವಾಂಸ ಡೈಕ್‌ಸ್ಟ್ರಾ, ಪರೀಕ್ಷೆಯಿಂದ ದೋಷಗಳ ಇರುವಿಕೆ ತಿಳಿಯಬಹುದಲ್ಲದೆ ಅವುಗಳ ಇಲ್ಲದಿರುವಿಕೆ ಸಿದ್ಧವಾಗಲಾರದೆಂಬ ಎಚ್ಚರಿಕೆಯನ್ನು ಕೊಟ್ಟಿದ್ದನು. ಗಂಟಿನ ಮೇಲೆ ಮುದ್ರೆಯೊತ್ತುವ ಇನ್‌ಸ್ಪೆಕ್ಟರನಿಗೂ ಈ ವಿನಯ ಅವಶ್ಯವಾಗಿತ್ತು.

ಕಾಯಿದೆಯಿಂದ ಇಷ್ಟಾರ್ಥ ಸಿದ್ಧಿಸಿತೆ? 1870ರ ದಶಕದಲ್ಲಿ ಅದರ ಬಗೆಗೆ ವ್ಯಾಪಾರಿಗಳ ಆಕ್ಷೇಪಗಳು ಬಂದವು, ವಿಚಾರಣೆಗಳು ನಡೆದವು. 1878ರಲ್ಲಿ ಬೇರೊಂದು ಕಾಯಿದೆಯು ಅದರ ಸ್ಥಾನಕ್ಕೆ ಬಂದಿತು. 1880ರ ದಶಕದ ಪ್ರಾರಂಭದಲ್ಲಿ ಅದೂ ಕೊನೆಗಂಡಿತು. ಇದಕ್ಕೆ ವ್ಯಾಪಾರಿಗಳ ಸ್ವಾರ್ಥವೊಂದೇ ಕಾರಣವೆನ್ನುವುದು ಸರಿಯಲ್ಲ. ಗುಣವೆಂಬುದು ಬಿತ್ತುವ ಬೀಜದಲ್ಲಿ, ಬಿಡಿಸುವ ಕೈಯಲ್ಲಿ, ಜಿನ್ನಿನ ಹಲ್ಲಿನಲ್ಲಿ ಹುಟ್ಟತಕ್ಕದ್ದು. ಪ್ರೆಸ್ಸಿನ ಬಾಗಿಲಲ್ಲಿ ನಿಂತ ಇನ್‌ಸ್ಪೆಕ್ಟರನು ಕೆಟ್ಟುದನ್ನು ತಡೆಯಬಲ್ಲನೇ ಹೊರತು ಒಳ್ಳೆಯದನ್ನು ಹುಟ್ಟಿಸಲಾರ. ಬಿತ್ತನೆಯ ಹೊತ್ತಿನಲ್ಲಿ ಒಂದು ದಿನದಲ್ಲಿ ಸರಿಪಡಿಸಬಹುದಾದ ದೋಷವು ಗಂಟು ಕಟ್ಟಿದ ಮೇಲೆ ಇಡೀ ಗಂಟನ್ನು ಬಲಿತೆಗೆದುಕೊಳ್ಳುತ್ತದೆ. ತಂತ್ರಾಂಶದಲ್ಲಿಯೂ ಬೇಡಿಕೆಪತ್ರದ ಹಂತದಲ್ಲಿಯೇ ಪರೀಕ್ಷಕನನ್ನು ಕೂರಿಸಿಕೊಳ್ಳಬೇಕೆಂಬ ವಾದವು ಇದೇ ಅನುಭವದಿಂದ ಹುಟ್ಟಿದುದು.

5. ದಾಖಲೆ ಮತ್ತು ಪುನಃಪರೀಕ್ಷೆ: ಬೀಜದಿಂದ ನೂಲಿನವರೆಗೆ

ಇಪ್ಪತ್ತನೆಯ ಶತಮಾನದಲ್ಲಿ ಈ ಪಾಠವು ಕಾರ್ಯರೂಪಕ್ಕಿಳಿದುದನ್ನು ಕಾಣುತ್ತೇವೆ. ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರರು ಕುಮಟಾ ಹತ್ತಿಯ ಸುಧಾರಣೆಯ ಕಾರ್ಯವನ್ನು ಕೈಗೊಂಡರು. ಧಾರವಾಡ–ಅಮೆರಿಕನ್ ಹತ್ತಿಯಿಂದ ಆರಿಸಿದ ಗದಗ 1 ಎಂಬ ತಳಿಯೂ, ಕುಮಟಾ ವಂಶದ ಜಯವಂತ ಎಂಬ ತಳಿಯೂ ರೈತರಿಗೆ ದೊರೆತವು. ಶುದ್ಧ ಬೀಜ ದೊರೆತರೆ ಸಾಲದು, ಅದರ ಬೆಳೆ ಬೆರಕೆಯಿಲ್ಲದೆ ಪೇಟೆಗೆ ಹೋಗಬೇಕಷ್ಟೆ. ಸಹಕಾರಿ ಚಳುವಳಿಯು 1905ರಲ್ಲಿಯೇ ಗದಗ ಸಮೀಪದ ಕಣಗಿನಹಾಳದಲ್ಲಿ ಬೇರುಬಿಟ್ಟಿತ್ತು. 1917ರಲ್ಲಿ ಗದಗಿನಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘವು ಸ್ಥಾಪಿತವಾಗಿ, ಸದಸ್ಯರ ಹತ್ತಿಯನ್ನು ದರ್ಜೆವಾರು ವಿಂಗಡಿಸಿ ಬಹಿರಂಗ ಲಿಲಾವಿನಲ್ಲಿ ಮಾರುವ ಕ್ರಮವು ಬೆಳೆಯಿತು. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ದರ್ಜೆಯು ಬೆಳೆದವನ ಕಣ್ಣೆದುರಿಗೇ ನಿರ್ಧಾರವಾಗುತ್ತಿತ್ತು. ಹಿಂದಿನ ಪರೀಕ್ಷೆಯಿಂದ ರೈತನಿಗೆ ಬಂದುದು ಶುಲ್ಕ ಮತ್ತು ಶಿಕ್ಷೆಯ ಭಯ. ಈ ಪರೀಕ್ಷೆಯಿಂದ ಬಂದುದು ಒಳ್ಳೆಯ ಹತ್ತಿಗೆ ಒಳ್ಳೆಯ ಬೆಲೆ.

ಇದೇ ಕಾಲದಲ್ಲಿ ಅಖಿಲ ಭಾರತದ ಮಟ್ಟದಲ್ಲಿಯೂ ವ್ಯವಸ್ಥೆಯಾಯಿತು. 1921ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿಯು ಅಸ್ತಿತ್ವಕ್ಕೆ ಬಂದಿತು. 1923ರ ಸಾಗಾಣಿಕೆ ಕಾಯಿದೆಯು ಕೀಳು ಹತ್ತಿಯನ್ನು ಒಳ್ಳೆಯ ಹತ್ತಿಯ ಸೀಮೆಗೆ ತಂದು ಬೆರೆಸುವುದನ್ನು ತಡೆಯುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. 1925ರ ಜಿನ್ನಿಂಗ್ ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯಿದೆಯು ಪ್ರತಿಯೊಂದು ಬೇಲಿನ ಮೇಲೂ ಪ್ರೆಸ್ಸಿನ ಗುರುತು ಮತ್ತು ಅನುಕ್ರಮ ಸಂಖ್ಯೆಯಿರಬೇಕೆಂದು ವಿಧಿಸಿತು. ಇದರಿಂದ ದೂರದ ಗಿರಣಿಯಲ್ಲಿ ಕಂಡ ದೋಷವನ್ನು ಅದು ಹುಟ್ಟಿದ ಪ್ರೆಸ್ಸಿನವರೆಗೂ ಹಿಂಬಾಲಿಸುವುದು ಸಾಧ್ಯವಾಯಿತು.

1924ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಹತ್ತಿಯ ತಾಂತ್ರಿಕ ಪ್ರಯೋಗಾಲಯವು ಪ್ರಾರಂಭವಾಯಿತು. ತಳಿಶಾಸ್ತ್ರಜ್ಞನು ಕಳಿಸಿದ ಹೊಸ ತಳಿಯ ಅರಳೆಯನ್ನು ಅಲ್ಲಿ ನಿಜವಾಗಿ ನೂತು ನೋಡುತ್ತಿದ್ದರು. ನೂಲನ್ನು ನಂಬರಿನಿಂದ ನಂಬರಿಗೆ ಸಣ್ಣದಾಗಿಸುತ್ತ, ಗೊತ್ತುಮಾಡಿದ ಬಲವನ್ನು ಅದು ಎಲ್ಲಿಯವರೆಗೆ ಉಳಿಸಿಕೊಳ್ಳುತ್ತದೆಯೋ ಆ ಎಲ್ಲೆಯನ್ನೇ ಹತ್ತಿಯ ಯೋಗ್ಯತೆಯೆಂದು ಬರೆಯುತ್ತಿದ್ದರು. ಬೆರಳಿನ ಊಹೆಗೆ ಬದಲಾಗಿ ಸಂಖ್ಯೆ ಬಂದಿತು. ಒಬ್ಬನು ಮಾಡಿದ ಪರೀಕ್ಷೆಯನ್ನು ಇನ್ನೊಬ್ಬನು ಅದೇ ಕ್ರಮದಲ್ಲಿ ಮತ್ತೆ ಮಾಡಿ ನೋಡುವುದು ಸಾಧ್ಯವಾಯಿತು. ಆಕಸ್ಮಿಕವಾಗಿ, ಅದೇ 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಎಂಬಾತನು ಕಾರ್ಖಾನೆಯ ಉತ್ಪನ್ನದ ಏರಿಳಿತವನ್ನು ಗುರುತಿಸುವ ನಿಯಂತ್ರಣ ನಕ್ಷೆಯನ್ನು ರೂಪಿಸಿದನು. ಮುಂದೆ ಗುಣನಿಯಂತ್ರಣವೆಂಬ ಶಾಸ್ತ್ರವು ಅದರಿಂದಲೇ ಬೆಳೆಯಿತು.

ತಂತ್ರಾಂಶದ ಪರೀಕ್ಷಕನ ದಿನದ ಬಹುಭಾಗವು ಬರೆಯುವುದರಲ್ಲಿಯೇ ಕಳೆಯುತ್ತದೆಂಬುದನ್ನು ಹೊರಗಿನವರು ಅರಿಯರು. ‘ಇದು ಕೆಟ್ಟಿದೆ’ ಎಂದರೆ ದೋಷವರದಿಯಾಗುವುದಿಲ್ಲ. ಯಾವ ಯಂತ್ರದಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ಕ್ರಮದಲ್ಲಿ ಏನನ್ನು ಒತ್ತಿದಾಗ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಬೇರೊಬ್ಬನು ಓದಿ ಅದನ್ನೇ ತನ್ನ ಮೇಜಿನ ಮೇಲೆ ಕಾಣುವಂತೆ ಬರೆಯಬೇಕು. ದೋಷವನ್ನು ತಿದ್ದಿದ ಮೇಲೆ ಅದೊಂದನ್ನೇ ನೋಡಿದರೆ ಮುಗಿಯಿತೆಂದಿಲ್ಲ. ತಿದ್ದುವಾಗ ಮೊದಲು ಸರಿಯಿದ್ದ ಭಾಗಗಳು ಕೆಟ್ಟಿಲ್ಲವೆಂಬುದನ್ನೂ ಮತ್ತೆ ನೋಡಬೇಕು. ಕಂಡುದಕ್ಕೂ ಊಹಿಸಿದುದಕ್ಕೂ ಭೇದವಿಟ್ಟು ಬರೆಯುವ ಈ ಶಿಸ್ತು, ಒಂದು ಆಧಾರವನ್ನು ಇನ್ನೊಂದರಿಂದ ಒರೆದು ನೋಡುವ ಈ ಎಚ್ಚರ, ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ಶಾಸನದ ಪಾಠವನ್ನು ಓದುವಾಗ ನಶಿಸಿದ ಅಕ್ಷರವನ್ನು ಕಂಡ ಅಕ್ಷರದಂತೆ ಬರೆಯಬಾರದೆಂದು ನಾವು ಕಲಿಸುವುದು ಇದನ್ನೇ.

6. ಬಳಸುವವನ ನೆಲದ ಮೇಲೆ: ನರಗುಂದ, 1980

ಇಷ್ಟೆಲ್ಲ ಕೌಶಲ್ಯಗಳಿದ್ದರೂ ಒಂದಿಲ್ಲದಿದ್ದರೆ ಪರೀಕ್ಷೆಯು ವ್ಯರ್ಥವಾಗುತ್ತದೆಂಬುದನ್ನು ಈ ಸೀಮೆಯು ನಮ್ಮ ಹಿರಿಯರ ಕಣ್ಣೆದುರಿಗೆ, ರಕ್ತವನ್ನು ತೆತ್ತು, ಕಲಿತಿದೆ.

1970ರ ದಶಕದಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ನರಗುಂದ, ನವಲಗುಂದ ತಾಲೂಕುಗಳ ಕಡೆಗೆ ಕಾಲುವೆಗಳು ಬಂದವು. ಅದೇ ಹೊತ್ತಿನಲ್ಲಿ, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ರೂಪಿಸಿದ್ದರು. ಉದ್ದ ಎಳೆಯ ಈ ಹತ್ತಿಗೆ ಮೊದಮೊದಲು ಒಳ್ಳೆಯ ಬೆಲೆ ಬಂದಿತು. ರೈತರು ಸಾಲಮಾಡಿ ಬೆಳೆದರು. ಆಮೇಲೆ ಬೆಲೆ ಕುಸಿಯಿತು. ಇತ್ತ ಸರಕಾರವು ನೀರಾವರಿಯಿಂದ ಭೂಮಿಯ ಮೌಲ್ಯ ಹೆಚ್ಚಿತೆಂಬ ಆಧಾರದ ಮೇಲೆ, 1957ರ ಕಾಯಿದೆಯಂತೆ, ಅಭಿವೃದ್ಧಿ ಕರವನ್ನೂ ನೀರಿನ ಕರವನ್ನೂ ಕೇಳಿತು. ಕಾಲುವೆಯ ಕೆಲಸ ಪೂರ್ಣವಾಗಿಲ್ಲ, ನಮ್ಮ ಹೊಲಕ್ಕೆ ನೀರೇ ಮುಟ್ಟಿಲ್ಲ, ಮುಟ್ಟಿದ ಕಡೆ ನೆಲ ಜೌಗಾಗಿದೆ ಎಂಬುದು ರೈತರ ಕೂಗು. 1980ರ ಜುಲೈ 21ರಂದು ನರಗುಂದದಲ್ಲಿಯೂ ನವಲಗುಂದದಲ್ಲಿಯೂ ಚಳುವಳಿಯು ಸ್ಫೋಟಗೊಂಡಿತು. ಗೋಲಿಬಾರಿನಲ್ಲಿ ರೈತರು ಸತ್ತರು. ಗುಂಪಿನ ಆಕ್ರೋಶಕ್ಕೆ ಪೋಲೀಸರೂ ಬಲಿಯಾದರು. ರಾಜ್ಯದ ರೈತಚಳುವಳಿಯ ಇತಿಹಾಸದಲ್ಲಿ ಆ ದಿನವು ಒಂದು ತಿರುವು. ಜುಲೈ 21ನ್ನು ನರಗುಂದದಲ್ಲಿ ರೈತ ಹುತಾತ್ಮರ ದಿನವೆಂದು ಇಂದಿಗೂ ಆಚರಿಸುತ್ತಾರೆ.

ಈ ದುರಂತಕ್ಕೆ ರಾಜಕೀಯ, ಆರ್ಥಿಕ ಕಾರಣಗಳು ಹಲವು. ಅವೆಲ್ಲವನ್ನೂ ಒಂದು ಸೂತ್ರಕ್ಕೆ ಕಟ್ಟುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಭೇದವು ಇಲ್ಲಿ ಎದ್ದು ಕಾಣುತ್ತದೆ. ಯೋಜನೆಯ ಕಾಗದದಲ್ಲಿ ಒಂದು ಹೊಲವು ನೀರಾವರಿಯಾಗಿರಬಹುದು. ಕಾಲುವೆಯ ಗೆರೆ ನಕಾಶೆಯಲ್ಲಿ ಆ ಹೊಲದವರೆಗೆ ಹೋಗಿರಬಹುದು. ಹೊಲದಲ್ಲಿ ನಿಂತವನು ಕೇಳುವ ಪ್ರಶ್ನೆ ಒಂದೇ: ನೀರು ಬಂದಿತೆ? ತಂತ್ರಾಂಶದ ಪರೀಕ್ಷಾಶಾಸ್ತ್ರವು ಈ ಎರಡು ಪ್ರಶ್ನೆಗಳನ್ನೂ ಬೇರೆಯಾಗಿ ಇಡುತ್ತದೆ. ಬರೆದುಕೊಟ್ಟಂತೆ ಕಟ್ಟಿದೆಯೆ ಎಂಬುದು ಒಂದು. ಕಟ್ಟಿದುದು ಬಳಸುವವನ ಕೆಲಸಕ್ಕೆ ಬಂದಿತೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಚೇರಿಯಲ್ಲಿ ಕುಳಿತು ಉತ್ತರ ಹೇಳಬಹುದು. ಎರಡನೆಯದಕ್ಕೆ ಕಾಲುವೆಯ ಕೊನೆಯ ಹೊಲದವರೆಗೆ ನಡೆದು ಹೋಗಬೇಕು.

ಇಂದು ಪಹಣಿಯೂ, ಬೆಳೆಯ ಸಮೀಕ್ಷೆಯೂ, ಪರಿಹಾರದ ಹಣವೂ ತಂತ್ರಾಂಶದ ಮೂಲಕವೇ ರೈತನನ್ನು ಮುಟ್ಟುತ್ತಿವೆ. ಕರ್ನಾಟಕದ ‘ಭೂಮಿ’ ಯೋಜನೆಯು ಪಹಣಿಗಳನ್ನು ಗಣಕಕ್ಕೆ ಏರಿಸಿ ಎರಡು ದಶಕಗಳ ಮೇಲಾಯಿತು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ, ಸರ್ವೆ ನಂಬರಿನ ಹಿಸ್ಸೆ ಕೂಡದಿದ್ದರೆ, ಹಣವು ನಿಂತುಹೋಗುತ್ತದೆ. ಸೀಮೆಯ ಯಾವ ತಾಲೂಕು ಕಚೇರಿಯ ಮುಂದೆಯಾದರೂ ಒಂದು ಮುಂಜಾನೆ ನಿಂತರೆ ಇದು ತಿಳಿಯುತ್ತದೆ. ನಗರದ ಮೇಜಿನ ಮೇಲೆ ಶೀಘ್ರವಾದ ಜೋಡಣೆಯಲ್ಲಿ, ಇಂಗ್ಲಿಷ್ ಹೆಸರುಗಳಿಂದ ಪರೀಕ್ಷಿಸಿದ ತಂತ್ರಾಂಶವು ಕನ್ನಡ ಅಕ್ಷರವನ್ನೂ, ಹಳ್ಳಿಯ ಮಂದ ಜೋಡಣೆಯನ್ನೂ, ಅಡ್ಡಹೆಸರೇ ಊರಿನ ಹೆಸರಾಗಿರುವ ನಮ್ಮ ಪದ್ಧತಿಯನ್ನೂ ಎದುರಿಸುವುದು ಇಲ್ಲಿಯೇ. ಅದನ್ನು ಮೊದಲೇ ಊಹಿಸಿ ಪರೀಕ್ಷೆಯ ಪಟ್ಟಿಯಲ್ಲಿ ಸೇರಿಸಬಲ್ಲವನು ಯಾರು? ಈ ನೆಲದಲ್ಲಿ ಬೆಳೆದವನೇ. ರೋಣದ ರೈತನ ಮಗಳು, ಗಜೇಂದ್ರಗಡದ ನೇಕಾರನ ಮಗ ತಮ್ಮ ಊರಿನ ಅರಿವನ್ನು ಈ ವೃತ್ತಿಗೆ ಹೊರೆಯೆಂದು ಭಾವಿಸಬೇಕಾಗಿಲ್ಲ. ಅದು ಬಂಡವಾಳವಾಗಬಲ್ಲುದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸಾರ ಇಷ್ಟು. ಪರೀಕ್ಷಕನಿಗೆ ಮಾನದಂಡವನ್ನು ಕೇಳಿ ತಿಳಿಯುವ ಧೈರ್ಯ ಬೇಕು. ವಸ್ತುವಿನ ಮತ್ತು ಅದರ ಬಳಕೆಯ ಜ್ಞಾನ ಬೇಕು. ಮೇಲ್ಪದರಕ್ಕೆ ಮರುಳಾಗದೆ ದೋಷ ಅಡಗುವ ಕಡೆ ಕೈಹಾಕುವ ವಿವೇಕ ಬೇಕು. ಕಂಡುದನ್ನು ಕಂಡಂತೆ ಬರೆಯುವ ಶಿಸ್ತು ಬೇಕು. ಇವೆಲ್ಲವನ್ನೂ ಹಿಡಿದು ನಿಲ್ಲಿಸತಕ್ಕದ್ದು, ಬಳಸುವವನ ನೆಲದ ಮೇಲೆ ನಿಂತು ನೋಡುವ ದೃಷ್ಟಿ. ಮೊದಲ ನಾಲ್ಕು ಇದ್ದು ಐದನೆಯದಿಲ್ಲದ ಪರೀಕ್ಷೆಯು ಪರೀಕ್ಷೆಗೊಳಗಾದವರಿಗೆ ದಂಡದಂತೆ ಕಾಣುತ್ತದೆಂಬುದಕ್ಕೆ 1863ರ ಕಾಯಿದೆ ಸಾಕ್ಷಿ. ಅದಿದ್ದಾಗ ಪರೀಕ್ಷೆಯು ಅವರ ಹಕ್ಕಾಗುತ್ತದೆಂಬುದಕ್ಕೆ ಗದಗಿನ ಸಂಘದ ಲಿಲಾವಿನ ಕಟ್ಟೆ ಸಾಕ್ಷಿ.

ಉಪಕರಣಗಳು ಬದಲಾಗಿವೆ, ಇನ್ನೂ ಬದಲಾಗುತ್ತವೆ. ಅರಳೆಯ ಉದ್ದವನ್ನೂ ಬಲವನ್ನೂ ಬಣ್ಣವನ್ನೂ ಇಂದು ಯಂತ್ರವೇ ಕೆಲವು ಕ್ಷಣಗಳಲ್ಲಿ ಅಳೆದು ಹೇಳುತ್ತದೆ. ತಂತ್ರಾಂಶದ ಪರೀಕ್ಷೆಯನ್ನೂ ತಂತ್ರಾಂಶವೇ ನಡೆಸತೊಡಗಿದೆ. ಹಾಗಿದ್ದರೂ ರೋಣದ ಪೇಟೆಯಲ್ಲಿ ಹತ್ತಿಯ ರಾಶಿಯ ಮುಂದೆ ಕುಳಿತ ಅನುಭವಿಯು ಮೊದಲು ಮಾಡುವ ಕೆಲಸವೆಂದರೆ ತೋಳನ್ನು ಮೇಲೇರಿಸಿ ಕೈಯನ್ನು ರಾಶಿಯ ನಡುವಿಗೆ ಇಳಿಸುವುದು. ಯಾವ ಉಪಕರಣ ಬಂದರೂ, ಕೈಯನ್ನು ಎಲ್ಲಿಗೆ ಇಳಿಸಬೇಕೆಂದು ಹೇಳುವವನು ಬೇಕೇ ಬೇಕು. ನಮ್ಮ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗೆ ಇತಿಹಾಸವು ಕೊಡಬಲ್ಲ ಉತ್ತರ ಇದು.